ತಂತಿಗೆ ಚುಚ್ಚಿದ ಚೀಟಿಗಳು

ಬ್ಯಾಂಕಿನಿಂದ ಬಂದ ನೇಮಕಾತಿ ಪತ್ರದಲ್ಲಿ ಹನ್ನೊಂದು ಷರತ್ತುಗಳಿದ್ದವು. ಹತ್ತನ್ನು ಓದಿ ಸಮಾಧಾನಪಟ್ಟುಕೊಂಡೆ. ಹನ್ನೊಂದನೆಯದು ಸಾಲದ ಬಗ್ಗೆ. ಕೆಲಸಕ್ಕೆ ಸೇರುವವರ ಹೆಸರಿನಲ್ಲಿ ಯಾವ ಕಂತೂ ಬಾಕಿ ಇರಬಾರದು, ಇದ್ದರೆ ತೀರಿಸಿ, ಬಾಕಿಯಿಲ್ಲವೆಂದು ಸಾಲ ಕೊಟ್ಟವರಿಂದ ಪತ್ರ ತರಬೇಕು, ತರದಿದ್ದರೆ ಕೆಲಸ ಇಲ್ಲ.

ಸೇರಲು ಹನ್ನೆರಡು ದಿನ ಉಳಿದಿತ್ತು. ಕೆಂಪಾಪುರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಸುಮ್ಮನೆ ನೋಡಿಬಿಡೋಣವೆಂದು ಮೊಬೈಲಿನಲ್ಲಿ ನನ್ನ ಕ್ರೆಡಿಟ್ ಸ್ಕೋರ್ ತೆಗೆದೆ. ಒಂಬೈನೂರಕ್ಕೆ ಐನೂರ ಎಪ್ಪತ್ತೊಂದು. ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲ, ಐದು ಕಂತು ಬಾಕಿ.

ಅದು ನಮ್ಮ ಖಾಲಾ ಅವರ ಹೊಲಿಗೆ ಯಂತ್ರ.

ಬದರುನ್ನೀಸಾ ಖಾಲಾ ಅಮ್ಮಿಯ ಅಕ್ಕ. ನಾಗಸಂದ್ರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸು ಹೊಲಿಯುತ್ತಾರೆ. ಹೋದ ವರ್ಷ ಮೋಟರಿನ ಯಂತ್ರ ಕೊಳ್ಳಲು ಹೋದಾಗ ಅವರಿಗೆ ಪ್ಯಾನ್ ಕಾರ್ಡ್ ಇರಲಿಲ್ಲ. ಮನೆಯಲ್ಲಿ ಬೇರೆ ಯಾರ ಹೆಸರಲ್ಲಾದರೂ ಮಾಡಿಸಿ ಎಂದ ಅಂಗಡಿಯವನು. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಬೇಡ ಅನ್ನಲು ಬರುವುದಿಲ್ಲ. ಹನ್ನೆರಡು ಕಂತು, ತಿಂಗಳಿಗೆ ಎರಡು ಸಾವಿರದ ಆರುನೂರು. ಖಾಲಾ ಮೂರನೇ ತಾರೀಕು ನನ್ನ ಕಾಲೇಜು ದಿನಗಳ ಖಾತೆಗೆ ಹಣ ಕಟ್ಟುವುದು, ಐದನೇ ತಾರೀಕು ಅದು ತಾನಾಗಿ ಫೈನಾನ್ಸ್ ಕಂಪನಿಗೆ ಹೋಗುವುದು, ಹೀಗೆ ಮಾತಾಗಿತ್ತು. ಏಳು ತಿಂಗಳು ಹಾಗೇ ನಡೆದಿತ್ತು. ಆಮೇಲಿನ ಐದು ತಿಂಗಳನ್ನು ನಾನು ವಿಚಾರಿಸಿರಲಿಲ್ಲ.

ಖಾಲಾ ಕಟ್ಟುವುದನ್ನು ನಿಲ್ಲಿಸಿದ್ದಾರೆ ಎಂದು ತೀರ್ಮಾನಿಸಲು ನನಗೆ ಹತ್ತು ನಿಮಿಷ ಸಾಕಾಯಿತು. ಹಬ್ಬಕ್ಕೆ ಹಿರಿಯರು ಕೊಡುವ ಈದಿಯಲ್ಲಿ ಈ ಸಲ ನೂರರ ಬದಲು ಐವತ್ತು ಕೊಟ್ಟಿದ್ದರಲ್ಲ. ಸಾಕ್ಷಿಗಳು ಒಂದೊಂದಾಗಿ ಹೊಂದಿಕೊಂಡವು. ಡೈರಿಯಲ್ಲಿ ಮೂರು ಪುಟ ಬರೆದೆ. ನಾನು ಡೈರಿ ಬರೆಯುವುದು ಕನ್ನಡದಲ್ಲಿ, ಮನೆಯಲ್ಲಿ ಬೇರೆ ಯಾರಿಗೂ ಅದನ್ನು ಓದಲು ಬರುವುದಿಲ್ಲವೆಂಬ ಧೈರ್ಯದಿಂದ.

ಅಮ್ಮಿಗೆ ವಿಷಯ ಹೇಳಿದಾಗ ಅವಳು ಫೋನ್ ಕೈಗೆತ್ತಿಕೊಂಡಳು. ಬೇಡ, ಅಕ್ಕತಂಗಿಯರಿಗೆ ಜಗಳವಾಗುತ್ತದೆ, ನಾನೇ ಹೋಗಿ ಕೇಳುತ್ತೇನೆ ಎಂದೆ. ನೀನಾ, ಎಂದು ಕೇಳಿ ಅಮ್ಮಿ ನನ್ನನ್ನು ಒಂದು ಸಲ ನೋಡಿದಳು.

ಮರುದಿನ ಹೆಬ್ಬಾಳದಿಂದ ಗೊರಗುಂಟೆಪಾಳ್ಯಕ್ಕೆ ಬಸ್ಸು, ಅಲ್ಲಿಂದ ಮೆಟ್ರೊ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಹೇಳಿಕೊಳ್ಳುತ್ತಿದ್ದೆ. ಖಾಲಾ, ಕಂತಿನ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು.

“ಏನಮ್ಮಾ ಬ್ಯಾಂಕ್ ಆಫೀಸರು, ದಾರಿ ತಪ್ಪಿ ಬಂದ್ರಾ?” ಎಂದರು ಖಾಲಾ, ಯಂತ್ರದಿಂದ ತಲೆ ಎತ್ತದೆ.

ವಾಕ್ಯ ಅಲ್ಲೇ ಮರೆತುಹೋಯಿತು. ಚಹಾ ಕುಡಿದೆ. ಇನ್ನೊಂದು ಲೋಟ ಕುಡಿದೆ. ಅಮ್ಮಿಯ ಮಂಡಿ ನೋವಿನ ಬಗ್ಗೆ, ನೀರಿನ ಟ್ಯಾಂಕರಿನ ಬಗ್ಗೆ ಖಾಲಾ ಮಾತಾಡಿದರು, ನಾನು ಹೂಂ ಎನ್ನುತ್ತಿದ್ದೆ. ಒಂದು ಗಂಟೆ ಕಳೆದಿರಬೇಕು. ಅಷ್ಟರಲ್ಲಿ ಗೌರಮ್ಮ ಎಂಬ ಗಿರಾಕಿ ಬಂದು ತನ್ನ ಬ್ಲೌಸು ಕೇಳಿದರು. ಅವರ ಅಳತೆ ಚೀಟಿ ತೆಗೆದುಕೊಡು ಎಂದು ಖಾಲಾ ಕಿಟಕಿಯ ಕಡೆ ಗದ್ದದಿಂದ ಸನ್ನೆ ಮಾಡಿದರು.

ಕಿಟಕಿಯ ಸರಳಿಗೆ ಒಂದು ಕೊಕ್ಕೆ ತಂತಿ ನೇತುಹಾಕಿದ್ದರು. ಅದಕ್ಕೆ ಚುಚ್ಚಿದ್ದ ಚೀಟಿಗಳನ್ನು ಒಂದೊಂದಾಗಿ ಸರಿಸಿದೆ. ಎದೆ ಮೂವತ್ತಾರು, ತೋಳು ಹತ್ತು. ಅಳತೆಗಳ ಹಿಂದೆ ಬೇರೆ ಬಣ್ಣದ ಚೀಟಿಗಳಿದ್ದವು. ಬ್ಯಾಂಕಿಗೆ ಹಣ ಕಟ್ಟಿದಾಗ ಹರಿದುಕೊಡುವ ಅರ್ಧ ಚೀಟಿಗಳು. ಅಂಕಿಗಳು ಖಾಲಾ ಅವರದೇ ಸೊಟ್ಟ ಬರಹದಲ್ಲಿದ್ದವು, ಖಾತೆಯ ಸಂಖ್ಯೆ ನನ್ನದು, ಪ್ರತಿಯೊಂದರ ಮೇಲೂ ಮೂರನೇ ತಾರೀಕಿನ ಸೀಲು. ಎಣಿಸಿದೆ. ಹನ್ನೆರಡು ಇದ್ದವು.

“ಎಲ್ಲಾ ಕಟ್ಟಿದ್ದೀರಾ ಖಾಲಾ?”

“ಮತ್ತೆ? ನಿನ್ ಹೆಸರಲ್ಲಿ ತಗೊಂಡಿದ್ದಲ್ವಾ. ನನ್ ಹೆಸರಲ್ಲಿ ಆಗಿದ್ರೆ ಒಂದೆರಡು ತಿಂಗ್ಳು ಹಿಂದೆಮುಂದೆ ಮಾಡ್ತಿದ್ನೇನೋ.” ಹಲ್ಲಿನಿಂದ ದಾರ ಕತ್ತರಿಸಿ, “ಅಳತೆ ಚೀಟಿ ಎಲ್ಲಿ?” ಎಂದರು.

ನಾನು ಗೌರಮ್ಮನ ಚೀಟಿ ಹುಡುಕಿ ಕೊಟ್ಟೆ. ಬಂದ ಕಾರಣ ಹೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹಳೆಯ ಖಾತೆಯಿದ್ದ ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದ ಬಾಲರಾಜು ಎಂಬವರು ಕಂಪ್ಯೂಟರ್ ನೋಡಿ, ನಾನು ಕೆವೈಸಿ ಮಾಡಿಸಿಲ್ಲ, ಅಂದರೆ ಆಧಾರ್ ಕಾಗದಗಳನ್ನು ಮತ್ತೆ ಕೊಟ್ಟಿಲ್ಲ, ಅದಕ್ಕೇ ಖಾತೆಯನ್ನು ತಡೆಹಿಡಿದಿದ್ದಾರೆ ಎಂದರು. ಅಂಥ ಖಾತೆಗೆ ಹಣ ಬರುತ್ತದಂತೆ, ಹೊರಗೆ ಹೋಗುವುದಿಲ್ಲವಂತೆ. ಖಾಲಾ ಕಟ್ಟಿದ ಹದಿಮೂರು ಸಾವಿರ ಅಲ್ಲೇ ಕೂತಿತ್ತು.

“ಆರು ಮೆಸೇಜ್ ಹೋಗಿದೆಯಲ್ಲಮ್ಮಾ ನಿಮಗೆ.”

ಹೋಗಿತ್ತು. ಕೆವೈಸಿ ಮೆಸೇಜೆಂದರೆ ಮೋಸ ಎಂದು ಎಲ್ಲರೂ ಎಚ್ಚರಿಸುತ್ತಿದ್ದ ಕಾಲ. ನಾನು ಆ ನಂಬರನ್ನೇ ಬ್ಲಾಕ್ ಮಾಡಿದ್ದೆ. ಹಣ ಬಂದ ಸುದ್ದಿಯೂ ಅದರ ಜೊತೆ ನಿಂತುಹೋಗಿತ್ತು. ನಿಜವೋ ಮೋಸವೋ ಎಂದು ಕೇಳಲು ಈ ಕೌಂಟರಿಗೆ ಒಮ್ಮೆ ಬಂದಿದ್ದರೆ ಸಾಕಿತ್ತು. ಬಂದರೆ ಮಾತಾಡಬೇಕಾಗುತ್ತದೆ, ಅದಕ್ಕೇ ಬಂದಿರಲಿಲ್ಲ.

ಖಾತೆ ಬಿಡುಗಡೆಯಾಗಲು ಮೂರು ದಿನ ಹಿಡಿಯಿತು. ಇನ್ನು ಫೈನಾನ್ಸ್ ಕಂಪನಿ. ಅವರ ನಂಬರು ಹುಡುಕಬೇಕಾಗಿರಲಿಲ್ಲ. ಗೊತ್ತಿಲ್ಲದ ಕರೆಗಳು ಪದೇಪದೇ ಬಂದಾಗ ನಾನು ಅವಕ್ಕೆ ಹೆಸರಿಟ್ಟಿದ್ದೆ, ಎತ್ತಬೇಡ ಒಂದು, ಎತ್ತಬೇಡ ಎರಡು, ಎತ್ತಬೇಡ ಮೂರು. ಕಂಪನಿಯ ಪತ್ರದಲ್ಲಿದ್ದ ನಂಬರು ಎರಡನೆಯದಕ್ಕೆ ಸರಿಹೊಂದಿತು. ಮಹಡಿಗೆ ಹೋಗಿ, ಒಣಗಿದ ಬಟ್ಟೆಗಳ ನಡುವೆ ನಿಂತು ಫೋನ್ ಮಾಡಿದೆ.

ಆ ಕಡೆ ಒಬ್ಬ ಹುಡುಗಿ, ಹೆಸರು ಚೈತ್ರ ಎಂದಳು. ಬರೆದಿಟ್ಟದ್ದನ್ನು ಓದುವವಳ ಹಾಗೆ ಶುರು ಮಾಡಿ, ನನ್ನ ಹೆಸರು ಕೇಳಿದ ಮೇಲೆ ತಡವರಿಸಿದಳು.

“ಮೇಡಂ, ನೀವೇ ಫೋನ್ ಮಾಡಿದ್ರಾ? ನಲವತ್ತು ಸಲ ಮಾಡಿದ್ದೀನಿ ನಿಮಗೆ.”

ಸಾರಿ ಎಂದೆ. ಅವಳೂ ಸಾರಿ ಎಂದಳು. ಲೆಕ್ಕ ಹೇಳಿದಳು. ಕಂತು ಹದಿಮೂರು ಸಾವಿರ, ದಂಡ ಮೂರು ಸಾವಿರದ ಐನೂರ ನಲವತ್ತು. ದಂಡಕ್ಕೆ ನನ್ನ ಟ್ಯೂಷನ್ ಹಣವಿತ್ತು. ಸ್ವಲ್ಪ ಕಡಿಮೆಯಾಗುವುದೇ ಎಂದು ಕೇಳಿದಾಗ ಅವಳು ದನಿ ತಗ್ಗಿಸಿದಳು.

“ಸೆಟಲ್‌ಮೆಂಟ್ ಅಂತ ಯಾರಾದ್ರೂ ಕಮ್ಮಿ ಮಾಡ್ತೀವಿ ಅಂದ್ರೆ ಒಪ್ಕೋಬೇಡಿ. ಪೂರ್ತಿ ಕಟ್ಟಿಲ್ಲ ಅಂತ ದಾಖಲೆಯಲ್ಲಿ ವರ್ಷಗಟ್ಲೆ ಉಳಿಯುತ್ತೆ. ಪೂರ್ತಿ ಕಟ್ಟಿ, ಪತ್ರ ತಗೊಳ್ಳಿ.”

ಅಂದೇ ಕಟ್ಟಿದೆ. ಪತ್ರಕ್ಕೆ ಒಂದು ವಾರ ಬೇಕೆಂದಳು. ನನಗೆ ಉಳಿದಿದ್ದುದು ಏಳೇ ದಿನ, ನಡುವೆ ಒಂದು ಭಾನುವಾರ. ನಾಲ್ಕನೇ ದಿನ ನಾನೇ ಫೋನ್ ಮಾಡಿದೆ. ಆರನೇ ದಿನ ಇನ್ನೊಮ್ಮೆ ಮಾಡಿದೆ. ಆ ಸಂಜೆ, ಸೇರಬೇಕಾದ ಹಿಂದಿನ ದಿನ, ಪತ್ರ ಮೊಬೈಲಿಗೆ ಬಂತು. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಎರಡು ಪ್ರತಿ ತೆಗೆಸಿದೆ. ಬೆಳಿಗ್ಗೆ ಬ್ಯಾಂಕಿನವರು ಅದನ್ನು ಓದಿ, ಫೈಲಿಗೆ ಸೇರಿಸಿ, ಸಹಿ ಮಾಡಲು ಜಾಗ ತೋರಿಸಿದರು. ಸ್ಕೋರು ಇನ್ನೂ ಐನೂರ ಎಪ್ಪತ್ತೊಂದರಲ್ಲೇ ಇತ್ತು. ಏರಲು ತಿಂಗಳುಗಳು ಬೇಕು.

ಕೆಲಸಕ್ಕೆ ಸೇರಿದ ಮೇಲಿನ ಭಾನುವಾರ ಮಿಠಾಯಿ ಹಿಡಿದು ನಾಗಸಂದ್ರಕ್ಕೆ ಹೋದೆ. ಈ ಸಲ ಕೂರುವ ಮೊದಲೇ ಹೇಳಿಬಿಟ್ಟೆ, ನಿಮ್ಮ ಮೇಲೆ ಅನುಮಾನಪಟ್ಟಿದ್ದೆ ಎಂದು. ಖಾಲಾ ಯಂತ್ರ ನಿಲ್ಲಿಸಿದರು.

“ಈದಿಯಲ್ಲಿ ಐವತ್ತು ಕೊಟ್ಟಿದ್ದಕ್ಕಾ?”

ತಲೆಯಾಡಿಸಿದೆ. “ನಿನ್ ಕಂತಿಗೇ ಕಣೇ ಉಳಿಸಿದ್ದು,” ಎಂದು ನಕ್ಕು ಮಿಠಾಯಿಯ ಡಬ್ಬಿ ತೆರೆದರು. ಒಂದು ತುಂಡು ತಿಂದ ಮೇಲೆ, ಅಂಚು ಹೊಲಿಯುವ ಯಂತ್ರ ಒಂದು ನೋಡಿಟ್ಟಿದ್ದೇನೆ, ಈಗ ನಿನಗೆ ಸಂಬಳವೂ ಬರುತ್ತದೆ, ನಿನ್ನ ಹೆಸರಲ್ಲೇ ತೆಗೆದುಕೊಳ್ಳೋಣ ಎಂದರು.

“ಬೇಡ ಖಾಲಾ,” ಎಂದೆ. ನನ್ನ ದನಿ ನನಗೇ ಜೋರೆನಿಸಿತು. “ಹನ್ನೆರಡು ತಿಂಗಳು ಒಂದು ದಿನ ತಪ್ಪಿಸದೆ ಕಟ್ಟಿದ್ದೀರಿ. ಅದು ನಿಮ್ಮ ಹೆಸರಲ್ಲಿ ಎಲ್ಲೂ ಇಲ್ಲ. ಈ ಸಲ ನಿಮ್ಮ ಹೆಸರಲ್ಲೇ ತಗೊಳ್ಳಿ.” ಬ್ಯಾಗಿನಿಂದ ಪ್ಯಾನ್ ಕಾರ್ಡಿನ ಅರ್ಜಿ ತೆಗೆದು ಯಂತ್ರದ ಮೇಲಿಟ್ಟೆ.

“ನನ್ ಹೆಸರಲ್ಲಾದ್ರೆ ಮರ್ತುಬಿಡ್ತೀನಿ ನಾನು.”

“ಮೂರನೇ ತಾರೀಕು ಫೋನ್ ಮಾಡ್ತೀನಿ.”

“ನೀನಾ?” ಎಂದರು ಖಾಲಾ, ಥೇಟ್ ಅಮ್ಮಿಯ ಹಾಗೆ. ಆಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, ಎಲ್ಲಿ ಸಹಿ ಹಾಕಬೇಕು ತೋರಿಸು ಎಂದರು.