ಜೋಗವಾ ಬೇಡಿದ ಕೈ

ಹನ್ನೊಂದಕ್ಕೆ ಪ್ರದರ್ಶನದ ಉದ್ಘಾಟನೆ. ಹತ್ತಕ್ಕೆ ಕಾಲೇಜಿನ ಸಭಾಗೃಹಕ್ಕೆ ಬಂದ ಸುವರ್ಣಾ ಮೊದಲ ಬಹುಮಾನದ ಚಿತ್ರದ ಮುಂದೆ ನಿಂತುಬಿಟ್ಟಳು.

ಕಪ್ಪು ಬಿಳುಪು. ಸುಕ್ಕುಗಟ್ಟಿದ ಒಂದು ಮುಖ, ಚಾಚಿದ ಒಂದು ಕೈ. ಕೆಳಗೆ ದಪ್ಪಕ್ಷರದಲ್ಲಿ ‘ಭೂಕ’. ಹಸಿವು.

ತಾಸಿಗಿಷ್ಟು ಎಂಬ ಕರಾರಿನ ಮೇಲೆ ಸೋಲಾಪುರದ ಈ ಕಾಲೇಜಿನಲ್ಲಿ ಪತ್ರಿಕಾ ಛಾಯಾಗ್ರಹಣ ಕಲಿಸುವವಳು ಅವಳು. ಅವಳ ವಿದ್ಯಾರ್ಥಿ ಶುಭಂ ಅಕ್ಕಲಕೋಟದ ಓಣಿಯಿಂದ ಈ ಚಿತ್ರ ತಂದಾಗ ಅದು ಹೀಗಿರಲಿಲ್ಲ. ಮುದುಕಿ ಹಸಿರು ಇಳಕಲ್ಲ ಸೀರೆ ಉಟ್ಟಿದ್ದಳು. ಎಡಗೈಯಲ್ಲಿ ಕವಡೆ ಕಟ್ಟಿದ ಪರಡಿ, ಬಿದಿರಿನ ಪುಟ್ಟ ಬುಟ್ಟಿ. ಅದರಲ್ಲಿ ಹಿಟ್ಟು ನೀಡಿ, ಅವಳು ಬೇಡಲು ನಿಂತ ಮನೆಯ ಸೊಸೆ ಕಾಲು ಮುಟ್ಟಲು ಬಾಗಿದ್ದಳು. ಅವಳ ಹಣೆಗೆ ಕುಂಕುಮ ಹಚ್ಚಲೆಂದೇ ಮುದುಕಿಯ ಬಲಗೈ ಚಾಚಿತ್ತು.

ತುಳಜಾಪುರದ ದೇವಿತಾಯಿಯ ಹೆಸರಲ್ಲಿ ಐದು ಮನೆ ಜೋಗವಾ ಎಂಬ ಭಿಕ್ಷೆ ಬೇಡುವ ಹರಕೆ ಅದು. ಮನೆಯಲ್ಲಿ ಕಣಜ ತುಂಬಿದವಳೂ ಬೇಡಬೇಕು, ಸೊಕ್ಕು ಕರಗಲೆಂದು. ಸುವರ್ಣಾಳ ತಾಯಿಯೂ ಹಾಡುತ್ತ ಬೇಡಿದವಳೇ. ಶುಭಂ ಸೊಸೆಯನ್ನು ಕತ್ತರಿಸಿದ್ದ, ಪರಡಿಯನ್ನು ಕತ್ತರಿಸಿದ್ದ, ಕುಂಕುಮದ ಕೆಂಪು ತೆಗೆದಿದ್ದ. ಕೊಡುವ ಕೈ ಬೇಡುವ ಕೈಯಾಗಿತ್ತು.

“ಕ್ರಾಪ್ ಮಾಡೋದು ನೀವಽ ಕಲಿಸೀರಲ್ರಿ ಮ್ಯಾಡಂ,” ಎಂದ ಪಕ್ಕಕ್ಕೆ ಬಂದು ನಿಂತ ಶುಭಂ.

“ಲೈಟಿನ ಕಂಬ ಕತ್ತರಸಂತ ಕಲಿಸೀನಿ, ಮನಶ್ಯಾರ್ನಲ್ಲ! ಆಕಿ ಹೆಸರೇನು?”

“ಕೇಳಿಲ್ರಿ.”

ಪ್ರಾಚಾರ್ಯ ಯೋಗಿರಾಜರು ಧಾವಿಸಿ ಬಂದರು. “ಸುವರ್ಣಾತಾಯಿ, ಉದ್ಘಾಟನಾಕ್ಕ ಪಾಹುಣ್ಯಾರು ಬರೂ ಹೊತ್ತು. ಕಿರಿಕಿರಿ ಬ್ಯಾಡ. ನಾಳಿ ಇದು ಪುಣೇದ ಸ್ಪರ್ಧಾಕ್ಕ ಹೊಂಟೈತಿ. ಅಕ್ಕಲಕೋಟದ ಮುದುಕಿ ಇಲ್ಲಿಗೆ ಬಂದು ನೋಡತಾಳೇನು?”

“ಬಂದಾಳ್ರಿ,” ಎಂದಿತು ಬಾಗಿಲಲ್ಲಿ ಒಂದು ದನಿ.

ಅದೇ ಮುಖ. ಯಾರೋ ಮೊಮ್ಮಗನ ಮೊಬೈಲಿಗೆ ಚಿತ್ರ ಕಳಿಸಿದ್ದರಂತೆ, ಮೊದಲ ಎಸ್.ಟಿ. ಬಸ್ಸು ಹಿಡಿದು ಬಂದಿದ್ದಳು.

“ಕುರನೂರದಾಗ ನಮ್ಮ ಕಬ್ಬ ಐತಿ. ದಿನಾ ಊಟಕ್ಕ ಹನ್ನೆರಡ ಎಲಿ ಬೀಳತಾವ ನಮ್ಮ ಮನ್ಯಾಗ. ನಂಗ ಭೂಕ ಅಂತ ಬರದಾಂವ ಯಾಂವ?”

ಶುಭಂ ಮುಂದೆ ಬಂದ. “ಆಜಿ, ಅದು ಸಿಂಬಾಲಿಕ್ ಐತ್ರಿ...”

“ಯಾವ ಬಾಲಿ? ನನ್ನ ಹೆಸರ ಗಂಗುಬಾಯಿ!”

ಯಾರೋ ಕಿಸಕ್ಕನೆ ನಕ್ಕರು. ಗಂಗುಬಾಯಿ ನಗಲಿಲ್ಲ. ಚಿತ್ರದ ಗಾಜಿನ ಮೇಲೆ ಬೆರಳಿಟ್ಟಳು. “ಇಲ್ಲಿ ಆ ಮನಿ ಸೊಸಿ ಇದ್ಳು. ಆಕಿ ಎಲ್ಲಿ? ನಾ ಏನು ಗಾಳಿಗೆ ಕುಂಕುಮ ಹಚ್ಚಾಕತ್ತಿದ್ನೇನು? ನನ್ನ ಫೋಟೋ ಇಳಸಬ್ಯಾಡ್ರಿ, ಇರ್ಲಿ. ಆಕಿನ್ನೂ ಹಾಕ್ರಿ.”

ಯೋಗಿರಾಜರು ಸುವರ್ಣಾಳ ಕಿವಿಗೆ ಬಾಗಿದರು. “ಆಫೀಸಿಗೆ ಕರಕೊಂಡ ಹೋಗಿ ಚಾ ಕುಡಿಸ್ರಿ. ಮುಂದಿನ ವರ್ಷದ ನಿಮ್ಮ ನೇಮಕದ ಆರ್ಡರ್‌ಗೆ ನಾ ಇನ್ನೂ ಸಹಿ ಮಾಡಿಲ್ಲ.”

ಒಬ್ಬಳ ಹರಕೆಯನ್ನು ಹಸಿವೆಂದು ಮಾರಿ, ಅವಳಿಗೇ ಚಹಾ ಕುಡಿಸಿ ಕಳಿಸಬೇಕೇ? ಸುವರ್ಣಾ ಚಿತ್ರವನ್ನು ಮೊಳೆಯಿಂದ ಎತ್ತಿ ನೆಲಕ್ಕಿಟ್ಟಳು, ಮುಖ ಗೋಡೆಗೆ.

“ಶುಭಂ, ಮೂಲ ಫೋಟೋ ಪ್ರೊಜೆಕ್ಟರಿಗೆ ಹಾಕು.”

ಹುಡುಗ ಪ್ರಾಚಾರ್ಯರನ್ನು ನೋಡಿದ, ಗಂಗುಬಾಯಿಯನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ ವೈರು ಜೋಡಿಸಿದ.

ಗೋಡೆ ತುಂಬ ಹಸಿರು, ಕೆಂಪು, ಬಾಗಿದ ಒಂದು ಬೆನ್ನು. ಹೊರಗೆ ಅತಿಥಿಗಳ ಕಾರಿನ ಬಾಗಿಲು ಬಡಿಯಿತು.

“ಬಂದ್ ಮಾಡ್ರಿ ಅದನ್ನ!” ಎಂದು ಯೋಗಿರಾಜರು ಕೂಗಿದರು.

“ಸಹಿ ಮಾಡಬ್ಯಾಡ್ರಿ ಸರ,” ಎಂದಳು ಸುವರ್ಣಾ. “ಇದು ಮಾತ್ರ ಇಲ್ಲೇ ಇರ್ತದ.”

ಗಂಗುಬಾಯಿ ಗೋಡೆಯನ್ನೇ ದಿಟ್ಟಿಸುತ್ತಿದ್ದಳು.

“ನನ್ನ ಸೆರಗು ಒಂಚೂರ ಜಾರೇತಿ,” ಎಂದಳು. “ಇರ್ಲಿ ಬಿಡು. ಖರೇ ಐತಿ.”