ಬಾಗಿದ್ದ ತಂತಿ

ಹಸಿರು ಪರದೆಯ ಮೇಲೆ ಗೆರೆಗಳು ಇನ್ನೂ ಗೆರೆಗಳಾಗಿಯೇ ಇವೆ, ಕೂದಲೆಳೆಯಂತೆ, ನೆಟ್ಟಗೆ, ಹೀಗೇ ಇರಲಿ, ಗೆರೆ ಇದ್ದರೆ ಒಳಗೆ ಬೆಳೆಯುತ್ತಿರುವ ಪದರ ಸಮತಟ್ಟು, ಚುಕ್ಕೆಯಾಗಿ ಒಡೆದರೆ ಗುಡ್ಡಗುಡ್ಡ, ಕೆಲಸ ಕೆಟ್ಟಂತೆ — ಅವಳು ಉಸಿರನ್ನೂ ಮೆಲ್ಲಗೆ ಬಿಡುತ್ತಾಳೆ, ಉಕ್ಕಿನ ಕೋಣೆಯೊಳಗಿನ ನಿರ್ವಾತಕ್ಕೆ ಅದು ತಟ್ಟದೆಂದು ಗೊತ್ತಿದ್ದೂ. ಏನೋ ಬಾಗಿದ್ದೊಂದು ಮನಸ್ಸಿನಲ್ಲಿ ಹೊಳೆದು ಹೋಯಿತು, ಏನದು, ಇರಲಿ, ಒಳಗೆ ಕಬ್ಬಿಣ, ಟೆಲ್ಲೂರಿಯಮ್, ಸೆಲೆನಿಯಮ್ ಆವಿಯಾಗಿ ಉಗುರಗಲದ ಹರಳಿನ ಮೇಲೆ ಕೂರುತ್ತಿವೆ, ಕಣ್ಣಿಗೇ ಕಾಣದ್ದನ್ನ ಮಾಡಿದ್ದೀಯ ಅಂತ ನಂಬೋದು ಹೇಗೇ, ಅಮ್ಮ ಕೇಳಿದ್ದಳು, ನಿನ್ನ ಮೇಷ್ಟ್ರು ಪುಣ್ಯಾತ್ಮ, ನಂಬ್ತಾರೆ. ಮೇಷ್ಟ್ರು ನಂಬಿದ್ದು ಒಂದೇ ಒಂದು ಪದರವನ್ನು, ಅದರಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿದಿತ್ತು, ಅಂಚಿನಲ್ಲಿ ಮಾತ್ರ ವಿಚಿತ್ರ ಸಂಕೇತ, ಯಾವ ಅಡಚಣೆಯೂ ಅಳಿಸಲಾರದಂಥ ಸಂಕೇತವಿರಬಹುದು ಎಂದು ಅವರು ಸಭೆಸಭೆಗಳಲ್ಲಿ ಹೇಳಿಬಂದರು, ಆಮೇಲೆ ಬೆಳೆಸಿದ್ದೆಲ್ಲ ಸತ್ತ ಪದರ, ಆ ಹರಿವೂ ಇಲ್ಲ, ಸಂಕೇತವೂ ಇಲ್ಲ. ಇದೂ ಕೈಕೊಟ್ಟರೆ ಹೇಳಿದ್ದನ್ನ ವಾಪಸ್ ತಗೋತೀನಮ್ಮ, ಬೆಳಗ್ಗೆ ನಗುತ್ತಲೇ ಅಂದರು, ಉಗುಳಿದ್ದನ್ನ ನುಂಗೋ ವಯಸ್ಸಾ ನಂದು, ಬಿಡು, ನೀನು ಮಾಡ್ತೀಯ.

ಬೆಳ್ಳುಳ್ಳಿ ವಾಸನೆ, ತನ್ನ ಬಾಯಿಯದೇ, ಆ ಒಳ್ಳೆಯ ಪದರವಾದ ಮೇಲೆ ಕೋಣೆ ತೆರೆದು ಉಜ್ಜಿದಳಲ್ಲ, ಮೂಗಿಗೆ ಹೋದ ಟೆಲ್ಲೂರಿಯಮ್ ಪುಡಿ ಹೀಗೆ ಉಸಿರಲ್ಲಿ ನಾರುತ್ತದೆ, ವಾರಗಳು ಕಳೆದರೂ, ಅಮ್ಮ, ನೀನು ಆ ಕಡೆ ತಿರುಗಿ ಮಲಗು, ಅನ್ನುತ್ತಾಳೆ ಮಗಳು, ಗಂಡ ಪಾಪ ಎದ್ದು ಕಿಟಕಿ ತೆರೆಯುತ್ತಾನೆ. ಎಷ್ಟು ಚೊಕ್ಕಟವಾಗಿ ಉಜ್ಜಿದ್ದಳು ಅವತ್ತು, ಹರಳು ಕೂರುವ ತಟ್ಟೆಯ ಹಿಂದೆ ಶಾಖ ಅಳೆಯುವ ತಂತಿ ಬಾಗಿ, ತಟ್ಟೆಗೆ ತಾಗದೆ ನಿಂತಿತ್ತು, ಯಾರಪ್ಪ ಹೀಗೆ ಬಿಟ್ಟವರು ಎಂದು ಚಿಮಟದಿಂದ ನೆಟ್ಟಗೆ ಮಾಡಿ, ತಟ್ಟೆಗೆ ತಾಗಿಸಿ —

ತಾಗಿಸಿ. ಅಂಕಿ ಅದೇ, ಮುನ್ನೂರು ಡಿಗ್ರಿ, ಆ ಒಳ್ಳೆಯ ಪದರ ಬೆಳೆದಾಗಲೂ ಮುನ್ನೂರು, ಆದರೆ ಆಗ ತಂತಿ ದೂರ ನಿಂತು ಕಡಿಮೆ ಹೇಳುತ್ತಿತ್ತು, ತಟ್ಟೆ ಅದಕ್ಕಿಂತ ಬಿಸಿಯಿತ್ತು, ಎಷ್ಟು ಬಿಸಿ, ತಂತಿ ಎಷ್ಟು ಬಾಗಿತ್ತೋ ಅಷ್ಟು, ಎಷ್ಟು ಬಾಗಿತ್ತು — ಕೈ ಶಾಖದ ಗುಂಡಿಯ ಮೇಲಿದೆ, ಏರಿಸು, ಎಲ್ಲಿವರೆಗೆ, ಹೆಚ್ಚಾದರೆ ಸೆಲೆನಿಯಮ್ ಹಾರಿಹೋಗುತ್ತದೆ, ಗೆರೆಗಳು ದಪ್ಪಗಾಗುತ್ತಿವೆ, ಮಧ್ಯೆ ಮಧ್ಯೆ ಗಂಟು, ಫೋನು, ಮೇಷ್ಟ್ರು, ಏನಮ್ಮ, ಗೆರೆ ಇದೆಯಾ, ಇದೆ ಸಾರ್, ಅಂದಳು, ಅನ್ನುವಾಗಲೇ ಗೆರೆ ಚುಕ್ಕೆಯಾಯಿತು, ಇನ್ನೊಂದೂ, ಗಾಜಿನಾಚೆ ತಟ್ಟೆಯ ಹಿಂದೆ ಕಾಯಿಸುವ ಸುರುಳಿ ಮಂಕಾಗಿ ಕೆಂಪಗಿದೆ, ಕೈ ಹೋಗುವ ಜಾಗವಲ್ಲ, ಹೋದರೂ ಏನು, ಬೆರಳಿನಷ್ಟು ಬಾಗಿತ್ತೋ, ಹುಬ್ಬಿನಷ್ಟೋ, ಹೇಳಮ್ಮ, ಕೇಳಿಸ್ತಿದೆಯಾ, ನೆನಪಲ್ಲಿ ಚಿಮಟದ ತುದಿಯಲ್ಲಿ ತಂತಿ, ಬಾಗಿದ್ದದ್ದು, ಅವಳು ನೋಡುತ್ತಿದ್ದಂತೆ ಅವಳ ಕೈಯಲ್ಲೇ ಸುಮ್ಮನೆ ನೆಟ್ಟಗಾಗುತ್ತಿದ್ದ ತಂತಿ.