ಬಾಗಿಲ ಬಳಿಯಿಂದ ಕಂಡ ಚಿತ್ರ

ಅಪ್ಪನಿಗೆ ಹತ್ತಿರದ ಅಕ್ಷರ ಕಾಣದೆ ಎರಡು ವರ್ಷವಾಗಿತ್ತು. ವೈದ್ಯರು ಕೊಟ್ಟ ಕನ್ನಡಕಗಳೂ ಸೋತಿದ್ದವು. ದೂರದ್ದು ಮಾತ್ರ ಹದ್ದಿಗೆ ಕಂಡಂತೆ ಕಾಣುತ್ತಿತ್ತು. ವೈದ್ಯರನ್ನು ಬಿಟ್ಟರೆ ಇಡೀ ಹ್ಯಾಂಬರ್ಗಿನಲ್ಲಿ ಇದು ಗೊತ್ತಿದ್ದದ್ದು ನನಗೂ ದೇವರಿಗೂ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಾನು ಅಂದಿನ ಪಾಠದ ಗ್ರೀಕ್ ಪದ್ಯಗಳನ್ನು ಓದುತ್ತಿದ್ದೆ. ಅರ್ಥ ನನಗೆ ಅರ್ಧ ತಿಳಿದರೂ ಪದ್ಯದ ನಡೆ ಪೂರ್ತಿ ತಿಳಿಯುತ್ತಿತ್ತು. ಅಪ್ಪ ಕಣ್ಣು ಮುಚ್ಚಿ ಕೇಳಿ, ವಿದ್ಯಾಲಯಕ್ಕೆ ಹೋಗಿ, ತೆರೆದ ಪುಸ್ತಕದ ಮುಂದೆ ನಿಂತು ನೆನಪಿನಿಂದ ಒಪ್ಪಿಸುತ್ತಿದ್ದರು. ನಡುನಡುವೆ ಪುಟವನ್ನೂ ತಿರುಗಿಸುತ್ತಿದ್ದರು. ಸಂಗತಿ ಹೊರಬಿದ್ದರೆ ಪ್ರೊಫೆಸರ್ ಪೀಠ ಬಿಡಬೇಕಾಗುತ್ತದೆಂಬ ಭಯ ಅವರನ್ನು ಒಳಗೇ ತಿನ್ನುತ್ತಿತ್ತು.

ಆ ವಸಂತದಲ್ಲಿ ಅಪ್ಪನೂ ಸೇರಿ ಏಳು ಮಂದಿ ಪ್ರೊಫೆಸರರ ಗುಂಪುಚಿತ್ರ ಬರೆಯಲು ಬರ್ಲಿನ್ನಿನಿಂದ ಲಾಸ್ಕೆ ಎಂಬ ಚಿತ್ರಕಾರ ಬಂದಿದ್ದ. ಚಿತ್ರ ಮುಗಿದ ದಿನ ಗ್ರಂಥಾಲಯದ ಹಜಾರದಲ್ಲಿ ಅದರ ಪರದೆ ಸರಿಸಿದರು. ಅಪ್ಪನ ತೋಳು ಹಿಡಿದು ನಾನೂ ಹೋಗಿದ್ದೆ. ಅಪ್ಪ ಬಾಗಿಲಲ್ಲೇ ನಿಂತುಬಿಟ್ಟರು.

ಉಳಿದ ಆರು ಮಂದಿ ಹಳೆಯ ಹಸ್ತಪ್ರತಿಗೆ ಮುತ್ತುವಂತೆ ಚಿತ್ರಕ್ಕೆ ಮುತ್ತಿದರು. ಭೂತಗನ್ನಡಿಗಳು ಹೊರಬಂದವು. ಮೂಗುಗಳು ಹಸಿ ಬಣ್ಣಕ್ಕೆ ತಾಗುವಷ್ಟು ಹತ್ತಿರವಾದವು.

“ನನ್ನ ಬೆರಳೆಲ್ಲಿ ಸ್ವಾಮಿ? ಎಣಿಸಿದ್ರೆ ಮೂರಿವೆ!” ಎಂದರು ಗಣಿತದ ಟಿಯಾರ್ಕ್ಸ್.

“ನಿಮಗೆ ಮೂರಾದ್ರೂ ಇವೆ. ನನ್ನ ಗಡ್ಡ ನೋಡ್ರಿ, ಕೋಸು ಬೇಯಿಸಿದ ನೀರು ಚೆಲ್ಲಿದ ಹಾಗಿದೆ!” ಎಂದರು ಸಸ್ಯಶಾಸ್ತ್ರದ ರೈಮರ್ಸ್.

ಲಾಸ್ಕೆ ಕಿಟಕಿಯ ಬಳಿ ಸಿಗಾರ್ ಕಚ್ಚಿಕೊಂಡೇ ಹೇಳಿದ: “ಮಹನೀಯರೇ, ಅದು ಚಿತ್ರ, ಮೂಸಿ ನೋಡೋ ಹೂವಲ್ಲ. ಹಿಂದಕ್ಕೆ ಬನ್ನಿ.”

ಯಾರೂ ಬರಲಿಲ್ಲ. ಜೀವಮಾನವಿಡೀ ಹತ್ತಿರ ಹೋಗಿಯೇ ಸತ್ಯ ಕಂಡವರು ಅವರು. ಪ್ರೊಫೆಸರರ ಸಭೆಯ ಅಧ್ಯಕ್ಷ ವ್ಯುಲ್ಫಿಂಗ್ ಅಲ್ಲೇ ಮೇಜಿಗೆ ಕುಳಿತು ಚಿತ್ರ ತಿರಸ್ಕರಿಸುವ ನಿರ್ಣಯವನ್ನು ಗೀಚಿದರು. ಸಭೆಯ ಹಿರಿಯರು ಎದ್ದುನಿಂತು ಗಟ್ಟಿಯಾಗಿ ಓದಿದ ಮೇಲೆಯೇ ನಿರ್ಣಯಕ್ಕೆ ಬೆಲೆ ಬರುವುದು ಅಲ್ಲಿಯ ಪದ್ಧತಿ. ಹಿರಿಯರೆಂದರೆ ಅಪ್ಪ.

ಹಾಳೆ ಅಪ್ಪನ ಕೈಗೆ ಬಂತು. ಅವರು ತೋಳು ಪೂರ್ತಿ ಚಾಚಿದರು. ಸಾಲಲಿಲ್ಲ. ನಾನು ಮನಸ್ಸಿನಲ್ಲೇ ದೇವರನ್ನು ಕರೆದೆ.

“ಓದಿ ಬ್ರೋಡರ್ಸನ್, ಊಟದ ಹೊತ್ತಾಯ್ತು,” ಎಂದರು ರೈಮರ್ಸ್.

ಅಪ್ಪ ಹಾಳೆಯನ್ನು ಇಳಿಸಿದರು. “ಓದಕ್ಕಾಗಲ್ಲ. ಎರಡು ವರ್ಷದಿಂದ ನನಗೆ ಕಾಗದದ ಮೇಲೆ ಒಂದಕ್ಷರ ಕಂಡಿಲ್ಲ. ಆದ್ರೆ ಈ ಚಿತ್ರ ಕಾಣುತ್ತೆ ಕಣ್ರಯ್ಯಾ. ರೈಮರ್ಸ್, ಅದರಲ್ಲಿ ನಿನ್ನ ಮಾತು ಇನ್ನೇನು ಬಾಯಿಂದ ಹೊರಬೀಳ್ತಿದೆ. ಟಿಯಾರ್ಕ್ಸ್ ಕೇಳಿಸಿಕೊಳ್ಳೋ ಹಾಗೆ ನಟಿಸ್ತಿದ್ದಾನೆ. ವ್ಯುಲ್ಫಿಂಗಿಗೆ ಯಾವಾಗ ಮನೆಗೆ ಹೋಗ್ತೀನೋ ಅಂತಾಗಿದೆ. ಇಲ್ಲಿಗೆ ಬಂದು ನೋಡಿ!”

ಮೊದಲು ಟಿಯಾರ್ಕ್ಸ್ ಬಂದರು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಬಾಗಿಲ ಬಳಿ ಏಳು ಕರಿಕೋಟುಗಳು ಒತ್ತಿಕೊಂಡು ನಿಂತವು. ಆ ಕಡೆ ಬಣ್ಣದ ಗೀಟುಗಳೆಲ್ಲ ಕೂಡಿ, ಬೆಳಕು ಬಿದ್ದ ಏಳು ಮುಖಗಳಾದವು.

“ಅಯ್ಯೋ, ನಾನೇ!” ಎಂದರು ರೈಮರ್ಸ್, ಗಡ್ಡ ಸವರಿಕೊಳ್ಳುತ್ತ.

ವ್ಯುಲ್ಫಿಂಗ್ ಮಾತ್ರ ಅಪ್ಪನ ಕಡೆ ತಿರುಗಿದ್ದರು. “ಹಾಗಾದ್ರೆ ಎರಡು ವರ್ಷ ಪಾಠ ಹೇಗೆ ಮಾಡಿದ್ರಿ?”

“ಬಾಯಿಪಾಠ. ಬೆಳಿಗ್ಗೆ ನನ್ನ ಮಗಳು ಗೇಶೆ ಓದ್ತಾಳೆ, ನಾನು ಕೇಳ್ತೀನಿ.”

“ಅಷ್ಟನ್ನೂ?”

“ಅಷ್ಟನ್ನೂ.”

“ನನಗೆ ಎರಡೂ ಕಣ್ಣು ಸರಿಯಿವೆ, ಎರಡು ಸಾಲು ನೆನಪಿರಲ್ಲ,” ಎಂದರು ವ್ಯುಲ್ಫಿಂಗ್. ನಿರ್ಣಯವನ್ನು ತೆಗೆದುಕೊಂಡು ನಾಲ್ಕಾಗಿ ಹರಿದರು. “ಪೀಠ ನಿಮ್ಮದೇ ಇರಲಿ ಮಾರಾಯ್ರೇ. ನಾಳೆಯಿಂದ ಮಗಳು ತರಗತಿಗೇ ಬಂದು ಓದಲಿ. ಸುಮ್ಮನೆ ಪುಟ ತಿರುಗಿಸೋ ನಾಟಕ ಮಾತ್ರ ಸಾಕು.”

ಹೊರಗೆ ಬಂದಾಗ ಅಪ್ಪ ನನ್ನ ತೋಳಿನ ಮೇಲೆ ಭಾರ ಹಾಕಲಿಲ್ಲ. ಸರೋವರದ ಸೇತುವೆ ಮೇಲೆ ನಿಂತು, ಆಚೆ ದಡದ ಹಬೆದೋಣಿಗಳ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದರು. ನನಗೆ ಅವು ಬಿಳಿ ಚುಕ್ಕೆಗಳಾಗಿದ್ದವು. ನಾನು ಕೇಳುತ್ತ ನಿಂತೆ.